ಮೂರು ಊರಿಗೆ ಒಬ್ಬನೇ ಘೋರಾಂಬರ

ಬೇಡ ಬೇಡ ಅಂದುಕೊಂಡೇ ಇಂಥ ಉಸಾಬರಿಗಳನ್ನು ಕೊರಳಿಗೆ ಕಟ್ಟಿಕೊಳ್ಳುವುದು ನನ್ನ ಹಣೆಬರಹ. ಬ್ಯಾಂಕಿನವರು ಯಾವ ಊರಿಗೆ ವರ್ಗ ಮಾಡಿದರೂ ಅಲ್ಲೊಂದು ಕನ್ನಡ ಸಂಘ ಇರುತ್ತದೆ, ಸಂಘಕ್ಕೆ ಒಬ್ಬ ಕಾರ್ಯದರ್ಶಿ ಬೇಕಾಗಿರುತ್ತಾನೆ, ಹೆಸರು ಸೂಚಿಸುವ ಹೊತ್ತಿಗೆ ಸರಿಯಾಗಿ ನಾನು ಕಾಫಿ ತರಲು ಎದ್ದು ಹೋಗಿರುತ್ತೇನೆ. ಲೋಟ ಹಿಡಿದು ವಾಪಸ್ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿರುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ಅಹಮದಾಬಾದಿಗೆ ಬಂದಾಗಲೂ ಅದೇ ಆಯಿತು. ಕಾಫಿ ಬದಲು ಚಹಾ, ಕಾರ್ಯದರ್ಶಿ ಬದಲು ಸಂಪಾದಕ, ಅಷ್ಟೇ ವ್ಯತ್ಯಾಸ. ಅಹಮದಾಬಾದು, ವಡೋದರಾ, ಸೂರತ್ತು, ಈ ಮೂರೂ ಊರಿನ ಕನ್ನಡಿಗರು ಸೇರಿ ಎರಡು ತಿಂಗಳಿಗೊಂದು ಪತ್ರಿಕೆ ತರುತ್ತಿದ್ದರು. ಅಲ್ಲಿ ಕನ್ನಡದ ಅಚ್ಚುಮೊಳೆ ಎಲ್ಲಿಂದ ಬರಬೇಕು? ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಉಕ್ಕಿನ ಮೊನೆಯ ಪೆನ್ನಿನಿಂದ ಕೈಯಲ್ಲೇ ಕೊರೆದು, ನಾವಿದ್ದ ಮಣಿನಗರ ಬಡಾವಣೆಯ ಒಂದು ಟೈಪಿಂಗ್ ಕ್ಲಾಸಿನ ಸೈಕ್ಲೋಸ್ಟೈಲ್ ಮಷೀನಿನಲ್ಲಿ ಪ್ರತಿ ತೆಗೆಯುವುದು. ಕೊರೆಯುವ ಕೆಲಸ ನನ್ನ ಹೆಂಡತಿಯದು. ಅವಳ ಅಕ್ಷರ ಮುತ್ತು ಪೋಣಿಸಿದ ಹಾಗೆ. ನನ್ನದು ಬರೆದ ಮರುದಿನ ನನಗೇ ತಿಳಿಯುವುದಿಲ್ಲ. ನಾನು ಬಂದ ಬರಹ ಓದಿ, ಅಲ್ಲೊಂದು ಇಲ್ಲೊಂದು ತಿದ್ದಿ, ಅವಳ ಕೈಗೆ ಕೊಟ್ಟರೆ ನನ್ನ ಸಂಪಾದಕತ್ವ ಮುಗಿಯಿತು. ಅವಳು ಕೊರೆದ ಮೇಲೆ ನಾನು ಮತ್ತೆ ಓದುತ್ತಿರಲಿಲ್ಲ. ಒಮ್ಮೆ ಓದಿದ್ದನ್ನು ಇನ್ನೊಮ್ಮೆ ಯಾಕೆ ಓದಬೇಕು? "ಪುಟದ ಕೆಳಗೆ ಜಾಗ ಉಳಿದರೆ ಏನಾದರೂ ತುಂಬಿಸಿಬಿಡು" ಅಂತ ಮಾತ್ರ ಹೇಳಿಟ್ಟಿದ್ದೆ. ಬಳ್ಳಿಯೋ ಹೂವೋ ಬಿಡಿಸುತ್ತಾಳೆ ಅಂತ ನನ್ನ ಅಂದಾಜು.

ಆ ಪತ್ರಿಕೆ ಅಂದರೆ ನನಗೆ ಪ್ರಾಣ. ಬ್ಯಾಂಕಿನಲ್ಲಿ ದಿನವಿಡೀ ಹಿಂದಿ, ಬೀದಿಯಲ್ಲಿ ಗುಜರಾತಿ. ಮನೆಯಲ್ಲಿ ಮಗಳನ್ನು ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ. ನಾನು ಕನ್ನಡದವನು ಅಂತ ನನಗೇ ನೆನಪು ಮಾಡಿಕೊಡುತ್ತಿದ್ದುದು ಎರಡು ತಿಂಗಳಿಗೊಮ್ಮೆ ಬರುವ ಆ ಇಪ್ಪತ್ತು ಹಾಳೆ. ಅದು ನಿಂತರೆ ನಾನು ಬರಿ ಬ್ಯಾಂಕಿನವನಾಗಿ ಉಳಿಯುತ್ತಿದ್ದೆ. ಅದು ನಿಲ್ಲುವ ಹಂತಕ್ಕೆ ಬಂದದ್ದೂ ನನ್ನಿಂದಲೇ, ಉಳಿದದ್ದೂ ನನ್ನಿಂದಲೇ. ಎರಡನೆಯದು ನನಗೆ ತಿಳಿಯದ ಹಾಗೆ ನಡೆಯಿತು.

ಜಾತಕ

ಸಾಬರಮತಿ ದಂಡೆಯಲ್ಲಿ ಭಾನುವಾರ ಕೂಡುವ ಗುಜರಿ ಬಜಾರಿನಲ್ಲಿ ಒಂದು ಹಳೇ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಮುಖಪುಟ ಇರಲಿಲ್ಲ. ಒಳಗೆ ಎಂಟು ಕಥೆ, ಎಂಟು ಜನ ಲೇಖಕರು. ಆದರೆ ಎಲ್ಲ ಕಥೆಯೂ ನಡೆಯುವುದು ಒಂದೇ ಗ್ರಹದಲ್ಲಿ, ಎಲ್ಲದರಲ್ಲೂ ಒಬ್ಬನೇ ಖಳ. ಲೋಕ ಎಲ್ಲರದು, ಕಥೆ ಅವರವರದು. ನನಗೆ ರೋಮಾಂಚನವಾಯಿತು. ನಮ್ಮ ಮೂರೂ ಊರಿನ ಜನ ರಾಜ್ಯೋತ್ಸವದ ದಿನ ಮೊದಲ ಸಾಲಿನ ಕುರ್ಚಿಗಾಗಿ ಮುಖ ಕೆಡಿಸಿಕೊಳ್ಳುವವರು. ಒಬ್ಬ ಖಳನನ್ನು ಎಲ್ಲರೂ ಸೇರಿ ಹಂಚಿಕೊಂಡರೆ ಒಗ್ಗಟ್ಟಾದರೂ ಬಂದೀತು ಅನ್ನಿಸಿತು.

ಒಂದು ಶನಿವಾರ ಕೂತು ಖಳನನ್ನು ತಯಾರು ಮಾಡಿದೆ. ಹೆಸರು ಘೋರಾಂಬರ. ನಿರ್ಜಲ ಎಂಬ ಗ್ರಹದ ಒಡೆಯ. ಏಳಡಿ ಎತ್ತರ, ನೀಲಿ ಮೈ, ಹೃದಯದಲ್ಲಿ ಕನಿಕರ ಲವಲೇಶವೂ ಇಲ್ಲ, ಭೂಮಿಯನ್ನು ನಾಶ ಮಾಡುವುದೇ ಜೀವನದ ಗುರಿ. 'ಘೋರಾಂಬರನ ಜಾತಕ' ಅಂತ ತಲೆಬರಹ ಕೊಟ್ಟು ಮೂರೂ ಊರಿನ ಬರಹಗಾರರಿಗೆ ಅಂಚೆಯಲ್ಲಿ ಕಳಿಸಿದೆ. ಯಾರು ಬರೆದರೂ ಇವನು ಹೀಗೇ ಇರತಕ್ಕದ್ದು, ಕೂದಲೆಳೆಯಷ್ಟೂ ಬದಲಾಗಕೂಡದು ಅಂತ ಕೆಳಗೆ ಗೆರೆ ಎಳೆದು ಬರೆದಿದ್ದೆ.

ಹೆಂಡತಿ ಅದನ್ನು ಓದಿ, ಇವನು ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಅಂತ ಕೇಳಿದಳು. ಖಳನಾಯಕರಿಗೆ ಬೆಳಿಗ್ಗೆ ಗಿಳಿಗ್ಗೆ ಇರುವುದಿಲ್ಲ ಅಂದೆ. ಎಲ್ಲ ಗಂಡಸರಿಗೂ ಬೆಳಿಗ್ಗೆ ಅಂತ ಒಂದು ಇರುತ್ತೆ ಅಂದು ಅವಳು ಕುರ್ಚಿಯ ಮೇಲಿದ್ದ ನನ್ನ ಒದ್ದೆ ಟವೆಲು ಎತ್ತಿಕೊಂಡು ಹೋದಳು.

ಹವಾಮಾನ

ಮೊದಲ ಕಥೆ ಯುಗಾದಿ ಸಂಚಿಕೆಗೆ. ಬರೆದವರು ಅಹಮದಾಬಾದಿನ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿದ್ದ ಧಾರವಾಡದ ವಿಜ್ಞಾನಿ. ಇಂಥ ಕಥೆಗೆ ಇವರಿಗಿಂತ ಯೋಗ್ಯರು ಯಾರು ಸಿಗಬೇಕು ಅಂತ ನಾನು ಉಬ್ಬಿದ್ದೆ. ಹನ್ನೊಂದು ಪುಟ ಬರೆದು ತಂದರು. ಘೋರಾಂಬರ ಭೂಮಿಯ ಮೇಲೆ ದಾಳಿಗೆ ಹೊರಡುತ್ತಾನೆ. ಮೊದಲ ನಾಲ್ಕು ಪುಟ ಎಷ್ಟು ಇಂಧನ ಬೇಕು ಅಂತ ಚರ್ಚೆ. ಆಮೇಲೆ ಮೂರು ಪುಟ ಪರಿಶೀಲನಾ ಸಮಿತಿಯ ಸಭೆ. ಆಮೇಲೆ ಎಣಿಕೆ ಶುರು. ಹತ್ತು, ಒಂಬತ್ತು, ಎಂಟು ಅಂತ ಇಳಿದು ಮೂರಕ್ಕೆ ಬಂದಾಗ ಗಾಳಿಯ ವೇಗದ ಮೇಲೆ ಏನೋ ಸಂಶಯ. ಉಡಾವಣೆ ಮುಂದಕ್ಕೆ. ಘೋರಾಂಬರ ಸಹಿ ಹಾಕಿ ಮನೆಗೆ ಹೋಗುತ್ತಾನೆ. ಕಥೆ ಮುಗಿಯಿತು.

ನಾನು ಮೆಲ್ಲಗೆ ಕೇಳಿದೆ, ಸ್ವಾಮಿ, ಖಳ ಅಂದಮೇಲೆ ಏನಾದರೂ ಒಂದು ಕೆಟ್ಟ ಕೆಲಸ ಮಾಡಬೇಡವೇ ಅಂತ. ಅವರಿಗೆ ಬೇಸರವಾಯಿತು.

"ಮಾಡೂದು ಅವನ ಮನಸ್ಸಿನ್ಯಾಗ ಐತ್ರೀ. ಹವಾಮಾನ ಸರಿ ಇಲ್ಲಂದ್ರ ಅವನರ ಏನು ಮಾಡ್ಯಾನು?"

ಸಂಚಿಕೆ ಬಂದ ಮೇಲೆ ಅವರೇ ಫೋನು ಮಾಡಿ, ನೀವು ಕೊನೆಗೆ ಸೇರಿಸಿದ್ದು ಭಾಳ ಚಲೋ ಆತ್ರೀ, ಮನ್ಯಾಗ ಎಲ್ಲಾರೂ ನಕ್ಕರು ಅಂದರು. ನಾನು ಸೇರಿಸಿದ್ದು ಎರಡು ಅಲ್ಪವಿರಾಮ. ಧಾರವಾಡದವರು ಅಲ್ಪವಿರಾಮಕ್ಕೂ ನಗುವಷ್ಟು ರಸಿಕರು ಅಂತ ತಿಳಿದು ನಾನು ಬೀಗಿದೆ.

ಬಣ್ಣ ಬಿಟ್ಟ ಕಥೆ

ಎರಡನೇ ಕಥೆ ಅಹಮದಾಬಾದಿನ ಅಂಚಿನ ವಟ್ವಾದ ಒಂದು ಬಣ್ಣದ ಕಾರ್ಖಾನೆಯ ಕೆಮಿಸ್ಟರದು. ಉಡುಪಿ ಕಡೆಯವರು. ಅವರ ಬೆರಳು ನೋಡಿದರೆ ಆ ವಾರ ಕಾರ್ಖಾನೆಯಲ್ಲಿ ಯಾವ ಬಣ್ಣ ಓಡುತ್ತಿದೆ ಅಂತ ಹೇಳಿಬಿಡಬಹುದಿತ್ತು. ನಾವು ಅವರ ಕೈಗೆ ಪ್ರಸಾದ ಕೊಡುವಾಗ ಚಮಚ ಬಳಸುತ್ತಿದ್ದೆವು.

ಅವರಿಗೆ ನನ್ನ ಜಾತಕದಲ್ಲಿ ತಕರಾರು ಇದ್ದದ್ದು ಒಂದೇ ಪದಕ್ಕೆ. ನೀಲಿ ಮೈ. ಮನೆಗೆ ಬಂದು ಕೂತು, ನೀಲಿ ಅಂದರೆ ಯಾವ ನೀಲಿ ಅಂತ ಕೇಳಿದರು. ನೀಲಿ ಅಂದರೆ ನೀಲಿ, ನಮ್ಮ ಕೃಷ್ಣನ ಹಾಗೆ ಅಂದೆ. ಅವರು ಮರುಕದಿಂದ ನನ್ನನ್ನೇ ನೋಡಿದರು.

"ಕೃಷ್ಣ ಆ ಬಿಸಿಲಲ್ಲಿ ಇರಲಿಲ್ಲ ಮಾರಾಯ್ರೆ. ನೀವು ಹೇಳಿದ ಗ್ರಹದ ಶಾಖಕ್ಕೆ ಈ ನೀಲಿ ನಿಲ್ಲುವುದೇ ಇಲ್ಲ. ನಾಲ್ಕು ಸ್ನಾನಕ್ಕೆ ಹೋಗ್ತದೆ."

ಸುಮ್ಮನೆ ಹೇಳಿ ಹೋಗಿದ್ದರೆ ಆಗುತ್ತಿತ್ತು. ಕಥೆಯನ್ನೂ ಹಾಗೇ ಬರೆದರು. ಭೂಮಿಯನ್ನು ಮುತ್ತಿಗೆ ಹಾಕಿದ ಘೋರಾಂಬರ ಸ್ನಾನಕ್ಕೆ ಹೋಗುತ್ತಾನೆ. ಬಚ್ಚಲಲ್ಲಿ ನೀಲಿ ನೀರು. ಮರುದಿನ ತಿಳಿ ನೀಲಿ, ಅದರ ಮರುದಿನ ಬೂದಿ, ಕೊನೆಗೆ ನಮ್ಮ ನಿಮ್ಮ ಹಾಗೆ ಗೋಧಿ ಮೈಬಣ್ಣ. ಸೈನಿಕರು ಅವನನ್ನು ಗುರುತಿಸದೆ ಸಾಲಿನಲ್ಲಿ ನಿಲ್ಲು ಅನ್ನುತ್ತಾರೆ. ಅವನಿಗೆ ನಾಚಿಕೆಯಾಗಿ ಯುದ್ಧ ನಿಲ್ಲುತ್ತದೆ.

ಇದನ್ನು ಓದಿ ಮಣಿನಗರದ ಹೆಂಗಸರೆಲ್ಲ ಮುಗುಳ್ನಕ್ಕದ್ದು ಕಂಡೆ. ತರಕಾರಿ ಮಾರ್ಕೆಟ್ಟಿನಲ್ಲಿ ಸಿಕ್ಕ ಒಬ್ಬರಂತೂ, ಸಿಂಹಾಸನದ ಮೇಲಿನ ನೀಲಿ ಕಲೆ ಹೋಯಿತೇ ಅಂತ ನನ್ನನ್ನು ಕೇಳಿದರು. ಸಿಂಹಾಸನದ ಕಲೆ ಕಥೆಯಲ್ಲಿ ಇದ್ದ ನೆನಪು ನನಗೆ ಬರಲಿಲ್ಲ. ಕಲೆಯ ವಿಷಯ ನಮ್ಮ ಕೆಮಿಸ್ಟರನ್ನೇ ಕೇಳಬೇಕು ಅಂತ ಹೇಳಿ ಬದನೆಕಾಯಿ ಕೊಂಡು ಬಂದೆ.

ಮೂರನೇ ಅಧ್ಯಾಯ

ಮೂರನೆಯದು ವಡೋದರಾದ ಪಾಲು. ಫತೇಗಂಜಿನಲ್ಲಿ ಒಂದು ರೂಮು ಮಾಡಿಕೊಂಡು ಆರು ವರ್ಷದಿಂದ ಪಿಎಚ್‌ಡಿ ಮಾಡುತ್ತಿದ್ದ ದಾವಣಗೆರೆಯ ಒಬ್ಬ ಬರೆದ. ಅವನು ಬಂದಾಗ ಅಲ್ಲಿ ಚಹಾ ಅಂಗಡಿ ಇಟ್ಟವನು ಆಮೇಲೆ ಹೋಟೆಲು ಮಾಡಿ, ಮಗಳ ಮದುವೆಯನ್ನೂ ಮುಗಿಸಿದ್ದ. ಇವನ ಪ್ರಬಂಧ ಮಾತ್ರ ಮುಗಿದಿರಲಿಲ್ಲ.

ಅವನ ಘೋರಾಂಬರ ಆಯುಧ ಮುಟ್ಟುವುದಿಲ್ಲ. ಮೇಜಿನ ಹಿಂದೆ ಕೂತಿರುತ್ತಾನೆ. ಭೂಮಿಯವರು ಹೆದರಿ ಶರಣಾಗತಿ ಪತ್ರ ಬರೆದುಕೊಂಡು ಬರುತ್ತಾರೆ. ಅಲ್ಲಿಟ್ಟು ಹೋಗಿ, ನಾಳೆ ನಾನು ಊರಲ್ಲಿರುವುದಿಲ್ಲ, ದೀಪಾವಳಿ ಕಳೆದ ಮೇಲೆ ಬನ್ನಿ ಅನ್ನುತ್ತಾನೆ. ದೀಪಾವಳಿ ಕಳೆದು ಬಂದರೆ, ಮೂರನೇ ಅಧ್ಯಾಯ ಸಡಿಲವಾಗಿದೆ, ತಿರುಗಿ ಬರೆಯಿರಿ ಅನ್ನುತ್ತಾನೆ. ಅವರ ಮಕ್ಕಳು ತಿರುಗಿ ಬರೆಯುತ್ತಾರೆ. ಮೊಮ್ಮಕ್ಕಳೂ ಬರೆಯುತ್ತಾರೆ. ನಮ್ಮ ನಾಲ್ಕೂ ಕಥೆಗಳಲ್ಲಿ ಓದಿದರೆ ನಿಜವಾಗಿ ಭಯವಾಗುವ ಖಳ ಅವನೊಬ್ಬನೇ.

ಆ ಖಳ ಅವನ ಪಿಎಚ್‌ಡಿ ಗೈಡೇ ಅಂತ ವಡೋದರಾದ ಕನ್ನಡಿಗರಿಗೆಲ್ಲ ಗೊತ್ತಾಯಿತು. ಗೈಡು ಗುಜರಾತಿನವರು, ಕನ್ನಡ ಬಾರದು, ಹಾಗಾಗಿ ಭಯವಿಲ್ಲ ಅಂತ ನಮ್ಮ ಹುಡುಗ ನೆಮ್ಮದಿಯಾಗಿದ್ದ. ಆದರೆ ಯಾರೋ ಪುಣ್ಯಾತ್ಮರು ಹೋಗಿ, ಸರ್, ನಿಮ್ಮನ್ನು ಕುರಿತು ನಿಮ್ಮ ಶಿಷ್ಯ ಕಥೆ ಬರೆದಿದ್ದಾನೆ ಅಂತ ಊದಿಬಿಟ್ಟರು. ಗೈಡಿಗೆ ಪರಮಾನಂದ. ಇವನನ್ನು ಕರೆಸಿ, ಎದುರಿಗೆ ಕೂರಿಸಿ, ಒಂದೊಂದೇ ಸಾಲಿನ ಅರ್ಥ ಇಂಗ್ಲಿಷಿನಲ್ಲಿ ಹೇಳು ಅಂದರು.

ಪಾಪ, ಇವನು ಬೆವತುಹೋದ. ಆರು ವರ್ಷದ ಬೆವರು ಅಲ್ಲೇ ಇಳಿಯಿತಂತೆ. ಆದರೂ ಬುದ್ಧಿ ಓಡಿಸಿದ. ಆಕಾಶದಲ್ಲಿ ಒಬ್ಬ ಮಹಾ ಜ್ಞಾನಿ ರಾಜ, ಪ್ರಜೆಗಳು ತಂದ ಕೆಲಸದಲ್ಲಿ ಒಂದು ಚೂರು ಕೊರತೆಯಿದ್ದರೂ ಅವನ ಮನಸ್ಸು ಒಪ್ಪುವುದಿಲ್ಲ, ಅವರ ಮೇಲಿನ ಮಮತೆಯಿಂದಲೇ ತಿರುಗಿ ಬರೆಸುತ್ತಾನೆ ಅಂತ ಹೇಳುತ್ತಾ ಹೋದ. ಗೈಡು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಇವನು ಮನಸ್ಸಿನಲ್ಲೇ, ಇವತ್ತು ಸಹಿ ಹಾಕಿಯೇ ಬಿಡುತ್ತಾರೆ ಅಂದುಕೊಂಡ.

"ಪಾತ್ರ ಬಹಳ ಉದಾತ್ತವಾಗಿದೆ. ಆದರೆ ಕಥೆಯ ಮೂರನೇ ಭಾಗ ಸಡಿಲ. ತಿರುಗಿ ಬರೆದು ದೀಪಾವಳಿ ಕಳೆದ ಮೇಲೆ ತಂದು ತೋರಿಸು" ಅಂದರಂತೆ.

ಗೇಟ್ ಪಾಸ್

ನಾಲ್ಕನೆಯದು ಸೂರತ್ತಿನಿಂದ ಬರಬೇಕಿತ್ತು. ಬರೆದವರು ಅಲ್ಲೇ ಹತ್ತಿರದ ಹಜೀರಾದ ಒಂದು ದೊಡ್ಡ ಕಾರ್ಖಾನೆಯ ಸುರಕ್ಷತಾ ಅಧಿಕಾರಿ, ಕೋಲಾರದವರು, ಸೂರತ್ ಸಂಘದ ಅಧ್ಯಕ್ಷರೂ ಹೌದು. ಕಥೆಯ ಜೊತೆ ಒಂದು ಕಾಗದವೂ ಬಂತು. ಕಾಗದದ ಮಾತು ಆಮೇಲೆ. ಮೊದಲು ಕಥೆ.

ಘೋರಾಂಬರ ಭೂಮಿಯ ಅತಿ ದೊಡ್ಡ ಗ್ಯಾಸ್ ಕಾರ್ಖಾನೆಯನ್ನು ಸ್ಫೋಟಿಸಲು ಬರುತ್ತಾನೆ. ಗೇಟಿನಲ್ಲಿ ಪಾಸ್ ಕೇಳುತ್ತಾರೆ. ಪಾಸ್ ಮಾಡಿಸುತ್ತಾನೆ. ಬೆಂಕಿಪೊಟ್ಟಣ ಮತ್ತು ಬೆಂಕಿ ಉಗುಳುವ ಆಯುಧ ಎರಡನ್ನೂ ಒಪ್ಪಿಸಿ ಟೋಕನ್ ಪಡೆಯುತ್ತಾನೆ. ಏಳಡಿ ದೇಹಕ್ಕೆ ಸರಿಹೋಗುವ ಸೇಫ್ಟಿ ಶೂ ಸ್ಟೋರಿನಲ್ಲಿ ಇಲ್ಲ, ಎರಡು ದಿನ ಕಾಯುತ್ತಾನೆ. ಶೂ ಬಂದ ಮೇಲೆ ಅರ್ಧ ದಿನದ ಸುರಕ್ಷತಾ ತರಬೇತಿ. ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬರುತ್ತಾನೆ. ಒಳಗೆ ಹೋದವನು ಒಂದು ವಾಲ್ವ್ ತೊಟ್ಟಿಕ್ಕುವುದನ್ನು ಕಂಡು ತಾನೇ ಓಡಿ ಹೋಗಿ ವರದಿ ಮಾಡುತ್ತಾನೆ. ಅವನಿಗೆ ಪ್ರಶಸ್ತಿಪತ್ರ.

ಫೋನು ಮಾಡಿ, ಅಯ್ಯಾ, ಸ್ಫೋಟ ಎಲ್ಲಿ ಅಂತ ಕೇಳಿದೆ.

"ಸಾರ್, ಅಪಘಾತ ಇಲ್ಲದೆ ಎಷ್ಟು ದಿನ ಆಯ್ತು ಅಂತ ನಮ್ಮ ಗೇಟಲ್ಲಿ ಬೋರ್ಡ್ ಇದೆ. ದಿನಾ ಬೆಳಿಗ್ಗೆ ನಾನೇ ಬರೆಸೋದು. ಕಥೇಲಾದ್ರೂ ಅದನ್ನ ಸೊನ್ನೆ ಮಾಡೋಕೆ ನನ್ನ ಕೈ ಬರಲಿಲ್ಲ."

ಸೂರತ್ತಿನ ಉಪಚಾರ

ಈಗ ಆ ಕಾಗದ. ಖಳ ಒಬ್ಬನೇ ಅಂತ ಹೇಳಿ ನೀವು ಊರಿಗೊಂದು ಥರ ಮಾಡಿದ್ದೀರಿ, ಒಬ್ಬರು ಅವನನ್ನು ಮನೆಗೆ ಕಳಿಸಿದರು, ಒಬ್ಬರು ಬಣ್ಣ ತೊಳೆದರು, ಒಬ್ಬರು ಮೇಷ್ಟ್ರು ಮಾಡಿದರು, ನಾವು ಅವನಿಗೆ ಒಂದು ಶಿಸ್ತು ಕೊಟ್ಟಿದ್ದೇವೆ, ಮುಂದಿನ ಸಂಚಿಕೆಯಲ್ಲಿ ಅಹಮದಾಬಾದಿನವರು ಮತ್ತೆ ಕೆಡಿಸುತ್ತಾರೆ. ಆದ್ದರಿಂದ ನವೆಂಬರಿನಲ್ಲಿ ವಡೋದರಾದ ರಾಜ್ಯೋತ್ಸವ ಸಭೆಯಲ್ಲಿ ನಾವು ಒಂದು ಠರಾವು ತರುತ್ತೇವೆ. ಊರಿಗೊಂದು ಪತ್ರಿಕೆ, ಊರಿಗೊಬ್ಬ ಖಳ.

ಮೂರು ಊರು ಸೇರಿದರೇ ಇಪ್ಪತ್ತು ಹಾಳೆ ತುಂಬುವುದು ಕಷ್ಟ. ಬೇರೆಯಾದರೆ ಮೂರೂ ಪತ್ರಿಕೆ ಸಂಕ್ರಾಂತಿ ನೋಡುತ್ತಿರಲಿಲ್ಲ. ಕಾಲು ಹಿಡಿದಾದರೂ ಒಪ್ಪಿಸೋಣ ಅಂತ ಒಂದು ಶನಿವಾರ ರೈಲು ಹತ್ತಿ ಸೂರತ್ತಿಗೆ ಹೋದೆ. ಅಧ್ಯಕ್ಷರು ಅವರ ಕಾಲೋನಿಯ ಮನೆಯಲ್ಲೇ ಉಳಿಸಿಕೊಂಡರು.

ಅಂಥ ಉಪಚಾರ ನಾನು ಕಂಡಿಲ್ಲ. ಸ್ನಾನಕ್ಕೆ ಹೊರಟರೆ ಅವರ ಮನೆಯಾಕೆ ಬಂದು, "ಅಣ್ಣ, ಟವೆಲಿಗೆ ಅಂತಲೇ ಹಗ್ಗ ಕಟ್ಟಿಸಿದ್ದೀವಿ, ಇಲ್ಲಿ ನೋಡಿ" ಅಂತ ಹೊಸ ಹಗ್ಗ ತೋರಿಸಿದರು. ನನ್ನ ಕೋಣೆಯಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ಎಲ್ಲ ಹೊರಗೆ ಸಾಗಿಸಿದ್ದರು. ನಾನು ಕನ್ನಡಕ ಹುಡುಕುತ್ತಿದ್ದರೆ ಮಕ್ಕಳಿಬ್ಬರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಊಟಕ್ಕೆ ಕೂತಾಗ ಸಾರಿಗೆ ಉಪ್ಪು ಒಂಚೂರು ಕಡಿಮೆ ಅಂದೆ, ಅಭ್ಯಾಸಬಲ. ಮನೆಯವರೆಲ್ಲ ತಟ್ಟೆಯಿಂದ ತಲೆಯೆತ್ತಿ ನನ್ನನ್ನೇ ನೋಡಿದರು. ನಾನು ಮೂರನೇ ಸಲ ಅನ್ನ ಹಾಕಿಸಿಕೊಂಡು ಅದೇ ಸಾರು ಸುರಿದುಕೊಂಡಾಗ ಚಿಕ್ಕ ಮಗು ಎದ್ದು ಒಳಗೆ ಓಡಿತು. ಹೊಟ್ಟೆನೋವು ಇರಬೇಕು ಅಂದುಕೊಂಡೆ. ಇಷ್ಟೆಲ್ಲ ಆದರೂ ಠರಾವಿನ ವಿಷಯ ಎತ್ತಿದರೆ ಅಧ್ಯಕ್ಷರು ಬಗ್ಗಲಿಲ್ಲ. ಸಭೆಯಲ್ಲಿ ನೋಡೋಣ ಸಾರ್, ಖಳ ಒಬ್ಬನೇ ಅಂತ ನೀವು ಜನಕ್ಕೆ ತೋರಿಸಿಕೊಟ್ಟರೆ ನಾನೇ ವಾಪಸ್ ತಗೋತೀನಿ ಅಂದರು.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. ಸೂರತ್ತಿನವರ ಮನಸ್ಸು ಕಲ್ಲು, ಆದರೆ ಅತಿಥಿಸತ್ಕಾರ ಅವರಿಂದ ಕಲಿಯಬೇಕು, ಟವೆಲಿಗೆ ಅಂತಲೇ ಹಗ್ಗ ಕಟ್ಟಿಸಿದ್ದರು ಅಂದೆ. ಅವಳು ಸ್ಟೆನ್ಸಿಲ್ ಕೊರೆಯುತ್ತಿದ್ದಳು. ಹಾಳೆ ಉದ್ದಕ್ಕೆ ಹರಿದುಹೋಯಿತು. ಅಷ್ಟು ಚೆನ್ನಾಗಿ ಕೊರೆಯುವವಳ ಕೈ ಅವತ್ತು ಯಾಕೆ ಜಾರಿತೋ, ಮುಖ ಆ ಕಡೆ ತಿರುಗಿಸಿ ಕೂತಿದ್ದರಿಂದ ನನಗೆ ತಿಳಿಯಲಿಲ್ಲ.

ಒಬ್ಬನೇ

ವಡೋದರಾದ ಸಭೆ ಒಂದು ಭಾನುವಾರ ಮಧ್ಯಾಹ್ನ. ನಾಡಗೀತೆ, ಸ್ವಾಗತ, ಮಕ್ಕಳ ಕುಣಿತ, ಬಿಸಿಬೇಳೆಬಾತು ಎಲ್ಲ ಮುಗಿಯಿತು. ಸೂರತ್ತಿನ ಅಧ್ಯಕ್ಷರು ಎದ್ದು ಠರಾವು ಓದಿದರು. ಉತ್ತರಿಸಲು ನನ್ನನ್ನು ಕರೆದರು. ನನ್ನ ಕೈಯಲ್ಲಿ ಇದ್ದ ಅಸ್ತ್ರ ಆ ಜಾತಕ ಒಂದೇ. ಘೋರಾಂಬರ ಎಲ್ಲ ಕಥೆಯಲ್ಲೂ ನೀಲಿಯೇ ಅಂದೆ. ಕೆಮಿಸ್ಟರು ಕೂತಲ್ಲಿಂದಲೇ, ನಾಲ್ಕು ಸ್ನಾನಕ್ಕೆ ಹೋಯ್ತಲ್ಲ ಮಾರಾಯ್ರೆ ಅಂದರು. ಅವನು ಕನಿಕರವಿಲ್ಲದ ಕ್ರೂರಿ ಅಂದೆ. ಸೋರುವ ವಾಲ್ವ್ ವರದಿ ಮಾಡಿದ್ದಾನಲ್ಲ ಅಂತ ಸೂರತ್ತಿನ ಸಾಲಿನಿಂದ ಕೂಗು ಬಂತು. ಭೂಮಿಯ ನಾಶವೇ ಅವನ ಗುರಿ ಅಂದೆ. ಧಾರವಾಡದ ವಿಜ್ಞಾನಿ ಒಬ್ಬರೇ ತಲೆಯಾಡಿಸಿದರು, ಅದೂ ಅರೆಮನಸ್ಸಿನಿಂದ. ಪತ್ರಿಕೆಯ ಕಥೆ ಇವತ್ತಿಗೆ ಮುಗಿಯಿತು, ನಾಳೆಯಿಂದ ನಾನು ಬರಿ ಬ್ಯಾಂಕಿನವನು ಅಂತ ಅನ್ನಿಸಿ ಜಾತಕ ಮಡಚಿ ಜೇಬಿಗೆ ಹಾಕಿಕೊಂಡೆ.

ಆಗ ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಎದ್ದರು. ವಡೋದರಾದ ರೈಲ್ವೆ ಅಧಿಕಾರಿಯೊಬ್ಬರ ತಾಯಿ, ತುಮಕೂರಿನವರು. ಪ್ರತಿ ಸಂಚಿಕೆಯನ್ನೂ ಎರಡೆರಡು ಸಲ ಓದುವವರು. ಅವರ ಮಡಿಲಲ್ಲಿ ನಾಲ್ಕೂ ಸಂಚಿಕೆ ಇದ್ದವು.

"ಒಬ್ಬನೇ ಅಲ್ದೆ ಇನ್ನೇನ್ರಪ್ಪಾ? ನಾಲ್ಕು ಕಥೇಲೂ ಅವನು ಮಿಂದು ಬಂದು ಒದ್ದೆ ಟವೆಲು ಸಿಕ್ಕಿದ್ದರ ಮೇಲೆ ಎಸೀತಾನೆ" ಅಂದರು.

ಸಭೆ ಮೊದಲು ಗುಸುಗುಸು ಅಂದು ಆಮೇಲೆ ಚಪ್ಪಾಳೆ ತಟ್ಟಲು ಶುರುಮಾಡಿತು. ಅಜ್ಜಿ ಪುಟ ತಿರುವಿ ಒಂದೊಂದೇ ಓದಿದರು. ವಿಜ್ಞಾನಿಯ ಕಥೆಯಲ್ಲಿ ಟವೆಲು ಉಡಾವಣೆಯ ಗುಂಡಿಗಳ ಮೇಲೆ. ಕೆಮಿಸ್ಟರ ಕಥೆಯಲ್ಲಿ ಸಿಂಹಾಸನದ ಮೇಲೆ, ನೀಲಿ ಕಲೆ ಸಮೇತ. ದಾವಣಗೆರೆಯವನ ಕಥೆಯಲ್ಲಿ ಭೂಮಿಯವರ ಶರಣಾಗತಿ ಪತ್ರದ ಮೇಲೆ, ಮೂರನೇ ಅಧ್ಯಾಯ ತೊಯ್ದು ಹೋಗುವ ಹಾಗೆ. ಹಜೀರಾದವರ ಕಥೆಯಲ್ಲಿ ಹೆಲ್ಮೆಟ್ಟಿನ ಮೇಲೆ. ನಾಲ್ಕರಲ್ಲೂ ಘೋರಾಂಬರ ಹಣೆಯ ಮೇಲೆ ಕನ್ನಡಕ ಏರಿಸಿಕೊಂಡು ಇಡೀ ಗ್ರಹದಲ್ಲಿ ಕನ್ನಡಕ ಹುಡುಕುತ್ತಾನೆ. ನಾಲ್ಕರಲ್ಲೂ ಸಾರಿಗೆ ಉಪ್ಪು ಒಂಚೂರು ಕಡಿಮೆ ಅಂದು ಮೂರು ಸಲ ಹಾಕಿಸಿಕೊಳ್ಳುತ್ತಾನೆ. ಐದು ನಿಮಿಷದಲ್ಲಿ ಬಂದೆ ಅಂತ ಹೇಳಿ ಸಂಘದ ಸಭೆಗೆ ಹೋಗಿ ಊಟದ ಹೊತ್ತು ಮೀರಿಸಿ ಬರುತ್ತಾನೆ. ನಿರ್ಜಲ ಗ್ರಹದಲ್ಲಿ ಸಂಘ ಎಲ್ಲಿಂದ ಬಂತು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಹೊಟ್ಟೆ ಹಿಡಿದುಕೊಂಡಿದ್ದರು.

ಸೂರತ್ತಿನ ಅಧ್ಯಕ್ಷರು ಕಣ್ಣು ಒರೆಸಿಕೊಳ್ಳುತ್ತಾ ಎದ್ದು, ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಸಾರ್, ಠರಾವು ವಾಪಸ್, ಪತ್ರಿಕೆಯೂ ಒಂದೇ, ಇವನೂ ಒಬ್ಬನೇ ಅಂದರು. 'ಇವನೂ' ಅನ್ನುವಾಗ ಅವರ ಕೈ ನನ್ನ ಕಡೆ ಯಾಕೆ ತೋರಿತು ಅಂತ ನಾನು ಯೋಚಿಸಲೇ ಇಲ್ಲ. ಪತ್ರಿಕೆ ಉಳಿಯಿತು ಅನ್ನುವ ಖುಷಿಯಲ್ಲಿ ನನ್ನ ಕಣ್ಣು ಮಂಜಾಗಿತ್ತು. ವಂದನೆ ಹೇಳಲು ಚೀಟಿ ತೆಗೆದೆ, ಅಕ್ಷರ ಕಾಣಲಿಲ್ಲ. ಜೇಬು ತಡಕಿದೆ, ಮೇಜಿನ ಕೆಳಗೆ ಬಗ್ಗಿ ನೋಡಿದೆ.

"ಬಂಧುಗಳೇ, ಈ ಪಾತ್ರ ನಾಲ್ಕೂ ಕಥೆಯಲ್ಲಿ ಒಂದೇ ಥರ ಬರಬೇಕು ಅಂತ ಸಂಪಾದಕನಾಗಿ ನಾನು ತುಂಬ ಶ್ರಮಪಟ್ಟಿದ್ದೇನೆ. ಒಂದು ನಿಮಿಷ, ನನ್ನ ಕನ್ನಡಕ ಎಲ್ಲೋ..." ಅಂದೆ.

ಅವತ್ತಿನ ನಗು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಜನ ಕುರ್ಚಿಯಿಂದ ಕೆಳಗೆ ಜಾರಿದರು. ಕನ್ನಡ ಓದಲು ಒಲ್ಲೆ ಅನ್ನುತ್ತಿದ್ದ ನನ್ನ ಮಗಳು ವೇದಿಕೆಯ ಬಳಿಗೆ ಓಡಿ ಬಂದು ಅಚ್ಚ ಕನ್ನಡದಲ್ಲಿ, "ಅಪ್ಪಾ, ಹಣೆ ಮೇಲಿದೆ" ಅಂದಳು. ನಾಲ್ಕೂ ಸಂಚಿಕೆಯನ್ನು ಅವಳು ಅಕ್ಷರ ಬಿಡದೆ ಓದಿದ್ದಳಂತೆ, ಅಪ್ಪ ಮುಂದೇನು ಮಾಡುತ್ತಾರೆ ಅಂತ ತಿಳಿಯಲು.

ಅಜ್ಜಿಯ ಸಂಚಿಕೆಗಳನ್ನು ಇಸಕೊಂಡು, ವಾಪಸ್ ಬರುವ ರೈಲಿನಲ್ಲಿ ಮೊದಲ ಸಲ ಪೂರ್ತಿ ಓದಿದೆ. ಪ್ರತಿ ಕಥೆಯ ಕೊನೆಗೂ, ಬಳ್ಳಿ ಹೂವು ಇರಬೇಕಾದ ಜಾಗದಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಆರೇಳು ಸಾಲು. ಹೆಂಡತಿ ಕಿಟಕಿಯ ಆಚೆ ನೋಡುತ್ತಿದ್ದಳು. ಇದೇನು ಇದು ಅಂದೆ.

"ನೀವೇ ಹೇಳಿದ್ರಲ್ಲ, ಜಾಗ ಉಳಿದರೆ ತುಂಬಿಸು ಅಂತ" ಅಂದಳು. ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಹನ್ನೆರಡು ವರ್ಷ ಬಾಯಲ್ಲಿ ಹೇಳಿದೆ, ಕೇಳಲಿಲ್ಲ. ಬರೆದು ಕೊಟ್ಟರಾದ್ರೂ ಓದ್ತೀರ ಅಂದ್ಕೊಂಡೆ. ಮೂರು ಊರಿನವರು ಓದಿದ್ರು ಕಣ್ರೀ, ನೀವೊಬ್ಬರು ಬಿಟ್ಟು."

ನನಗೆ ನಿಜವಾಗಿ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಮಿಂದು ಬಂದು ಟವೆಲು ಹಗ್ಗದ ಮೇಲೆ ಹರವಿದೆ. ಅದರ ಮರುದಿನವೂ ಹರವಿದೆ. ಸಾರಿನ ಉಪ್ಪಿನ ವಿಷಯದಲ್ಲಿ ತುಟಿ ಬಿಚ್ಚಲಿಲ್ಲ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೆ. ಸಂಘದ ಸಭೆಯಿಂದ ಐದು ನಿಮಿಷ ಅಂದರೆ ಐದೇ ನಿಮಿಷಕ್ಕೆ ಎದ್ದು ಬಂದೆ. ಹತ್ತು ದಿನ ನಾನು ದೇವರಂಥ ಗಂಡನಾಗಿದ್ದೆ.

ಹನ್ನೊಂದನೇ ದಿನ ಅವಳು ಸ್ಟೆನ್ಸಿಲ್ ಹಾಳೆ, ಉಕ್ಕಿನ ಪೆನ್ನು ಹಿಡಿದು ಬಂದು ಎದುರು ಕೂತಳು. ಮುಖದಲ್ಲಿ ಕಳೆಯೇ ಇರಲಿಲ್ಲ. ಮೂರೂ ಊರಿಂದ ಕಾಗದ ಬಂದಿವೆ, ಮುಂದಿನ ಸಂಚಿಕೆಯಲ್ಲಿ ಘೋರಾಂಬರ ಏನು ಮಾಡುತ್ತಾನೆ ಅಂತ ಎಲ್ಲರೂ ಕೇಳುತ್ತಿದ್ದಾರೆ, ನೀವು ಹೀಗಾಗಿಬಿಟ್ಟರೆ ನಾನು ಏನಂತ ಬರೆಯಲಿ ಅಂದಳು.

ನಾನು ಎದ್ದು ಹಗ್ಗದ ಮೇಲಿನ ಟವೆಲು ತೆಗೆದುಕೊಂಡೆ. ಅಷ್ಟರಲ್ಲಿ ಅದು ಒಣಗಿಹೋಗಿತ್ತು. ಬಚ್ಚಲಿಗೆ ಹೋಗಿ ನೀರಲ್ಲಿ ಅದ್ದಿ ತಂದು, ಅವಳು ನೋಡುತ್ತಿದ್ದ ಹಾಗೇ ಕುರ್ಚಿಯ ಮೇಲೆ ಎಸೆದೆ.